ಸ್ಟ್ರೀಟ್ ಫೈಟರ್ 2 ಬೋರ್ಡ್ ಹಾಕಿದರೆ ಕಿಕ್ ಏಕೆ ಬರುವುದಿಲ್ಲ?

ಡೊಂಬಿವಲಿಯಲ್ಲಿ ಕೊಂಡ ಹಳೆಯ ಆರ್ಕೇಡ್ ಪೆಟ್ಟಿಗೆಯಲ್ಲಿ ಕಿಂಗ್ ಆಫ್ ಫೈಟರ್ಸ್ ಸರಿಯಾಗಿ ಓಡುತ್ತದೆ, ಸ್ಟ್ರೀಟ್ ಫೈಟರ್ 2ರಲ್ಲಿ ಮಾತ್ರ ಕಿಕ್ ಇಲ್ಲ ಎಂದು ಕೇಳಿದ್ದೀರಿ. ಆಟದ ಸರ್ಕ್ಯೂಟ್ ಬೋರ್ಡ್ ಕೆಟ್ಟಿದೆ ಎಂದು ಈಗಲೇ ಎಸೆಯಬೇಡಿ.

ಪೆಟ್ಟಿಗೆಯ ವೈರಿಂಗನ್ನು ಆಟದ ಬೋರ್ಡಿಗೆ ಸೇರಿಸುವ ಪ್ರಮಾಣಿತ ಜಾಮಾ (JAMMA) ಕನೆಕ್ಟರಿನಲ್ಲಿ ಒಬ್ಬ ಆಟಗಾರನಿಗೆ ಮೂರೇ ಬಟನ್. ಕ್ಯಾಪ್‌ಕಾಮ್ ಕಂಪನಿಯ ಸ್ಟ್ರೀಟ್ ಫೈಟರ್ 2ಕ್ಕೆ ಆರು ಬೇಕು. ಹಾಗಾಗಿ ಮೂರು ಪಂಚ್ ಜಾಮಾದಲ್ಲಿ, ಮೂರು ಕಿಕ್ ಬೋರ್ಡಿನ ಇನ್ನೊಂದು ಕನೆಕ್ಟರಿನಲ್ಲಿ. ಅದಕ್ಕೆ ಬೇರೆ ಕಿಕ್ ಹಾರ್ನೆಸ್ (ಕಿಕ್ ಬಟನ್‌ಗಳ ವೈರ್ ಕಟ್ಟು) ಎಳೆಯಬೇಕು: ಇಬ್ಬರಿಗೆ ಆರು ವೈರ್. ವೈರ್, ಬಟನ್ ಕೆಳಗಿನ ಮೈಕ್ರೋಸ್ವಿಚ್‌ಗೆ ಮುಂಬೈಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಲ್ಯಾಮಿಂಗ್ಟನ್ ರೋಡ್ ನೋಡಿ. ಸ್ವಿಚ್‌ನ ಕಾಮನ್ ಕಾಲನ್ನು ಹಳೆಯ ಬಟನ್‌ಗಳ ಗ್ರೌಂಡಿಗೆ ಸೇರಿಸಿ, ಸಿಗ್ನಲ್ ವೈರ್ ಎನ್‌ಓ (NO, ಒತ್ತಿದಾಗ ಮಾತ್ರ ಸೇರುವ) ಕಾಲಿಗೆ. ಎನ್‌ಸಿಗೆ (NC, ಒತ್ತದಿದ್ದಾಗ ಸೇರಿರುವ ಕಾಲು) ಹಾಕಿದರೆ ಬಟನ್ ಸದಾ ಒತ್ತಿಹಿಡಿದಂತಾಗುತ್ತದೆ. ಎಲ್ಲರೂ ಎಡವುವುದು ಇಲ್ಲೇ.

ಕಿಂಗ್ ಆಫ್ ಫೈಟರ್ಸ್ ತಯಾರಿಸಿದ ಎಸ್‌ಎನ್‌ಕೆ ಕಂಪನಿ ನಾಲ್ಕೇ ಬಟನ್‌ನಲ್ಲಿ ಮುಗಿಸಿತು, ನಾಲ್ಕನೆಯದನ್ನು ಜಾಮಾದ ಖಾಲಿ ಪಿನ್ನಿಗೆ ಕೊಟ್ಟಿತು. ಪೆಟ್ಟಿಗೆ ಇಟ್ಟವರಿಗೆ ಇದು ನಿಜಕ್ಕೂ ಅನುಕೂಲ. 1987ರ ಮೊದಲ ಸ್ಟ್ರೀಟ್ ಫೈಟರ್ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಅವರೇ ಎಸ್‌ಎನ್‌ಕೆಗೆ ಹೋಗಿ 1991ರಲ್ಲಿ ಫೇಟಲ್ ಫ್ಯೂರಿ ಎಂಬ ಹೊಡೆದಾಟದ ಆಟ ತಂದರು. ಎರಡು ಕಂಪನಿಗಳ ಪೈಪೋಟಿಯ ಬೇರು ಅಲ್ಲಿದೆ; 2000ದಲ್ಲಿ ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ ಬಂದಾಗ ಇಬ್ಬರ ಹೋರಾಟಗಾರರೂ ಒಂದೇ ಆಟದಲ್ಲಿ, ನಾಲ್ಕೇ ಬಟನ್‌ನಲ್ಲಿ ಎದುರಾದರು.