ಕಾರ್ಬನ್ ಶಿಖರ 6ರ ಬದಲು 5.5ರಲ್ಲಿ ಏಕೆ?

ಪ್ಲಾಸ್ಟಿಕ್ ಸಿಂಟಿಲೇಟರ್ ಪಟ್ಟಿಗಳಲ್ಲಿ (ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್) ಕಣಗಳ ಆವೇಶ ಅಳೆಯುವಾಗ ಕಾರ್ಬನ್ ಶಿಖರ ಅದರ ಆವೇಶವಾದ 6ರಲ್ಲಿ ಬರಬೇಕು. ಪ್ರೋಟಾನ್, ಹೀಲಿಯಂ ಸರಿಯಾಗಿ ಕೂತು ಕಾರ್ಬನ್ ಮಾತ್ರ 5.5ಕ್ಕೆ ಇಳಿದಿದೆ ಅಂದರೆ, ಬಹುತೇಕ ಅದು ಸಿಂಟಿಲೇಟರಿನ ಕ್ವೆಂಚಿಂಗ್, ಅಂದರೆ ಶಕ್ತಿನಷ್ಟ ದಟ್ಟವಾದಾಗ ಬೆಳಕು ಅದಕ್ಕೆ ತಕ್ಕಷ್ಟು ಹೆಚ್ಚದಿರುವುದು. ಶಕ್ತಿನಷ್ಟ ಆವೇಶದ ವರ್ಗಕ್ಕೆ ತಕ್ಕಂತೆ ಪ್ರೋಟಾನಿನ 36 ಪಟ್ಟಾದರೂ (6×6) ನಿಮಗೆ ಬೆಳಕು ಸಿಗುತ್ತಿರುವುದು ಸುಮಾರು 30 ಪಟ್ಟು (5.5×5.5) ಮಾತ್ರ.

ಮೊದಲು ಓರೆ ಹಾದಿಯ ಉದ್ದ ಸರಿಪಡಿಸಿ. 60 ಡಿಗ್ರಿ ಓರೆಗೆ ಸಿಗ್ನಲ್ ಇಮ್ಮಡಿಯಾಗುತ್ತದೆ. ಆಮೇಲೆ ಪಟ್ಟಿಯುದ್ದಕ್ಕೂ ಬೆಳಕು ಕುಗ್ಗುವುದನ್ನು ಸರಿಪಡಿಸಿ. ನಿಧಾನದ ಕಣಗಳು ಹೆಚ್ಚು ಶಕ್ತಿ ಕಳೆದುಕೊಳ್ಳುವುದರಿಂದ ಹೆಚ್ಚು ರಿಜಿಡಿಟಿಯವನ್ನೇ (ಕಾಂತಕ್ಷೇತ್ರದಲ್ಲಿ ಕಡಿಮೆ ಬಾಗುವ ಕಣಗಳನ್ನೇ) ಇಟ್ಟುಕೊಳ್ಳಿ. ಇಷ್ಟಾದ ಮೇಲೆ ಹೀಲಿಯಂ, ಕಾರ್ಬನ್, ಆಕ್ಸಿಜನ್ ಶಿಖರಗಳಿಗೆ ಕ್ವೆಂಚಿಂಗ್ ಲೆಕ್ಕ ಹಾಕುವ ಬಿರ್ಕ್ಸ್ ಸೂತ್ರ ಹೊಂದಿಸಿ. ಬೋರಾನ್, ಬೆರಿಲಿಯಂ ಪರೀಕ್ಷೆಗಷ್ಟೇ ಇರಲಿ. ಬೆರಿಲಿಯಂ-8 ಹುಟ್ಟಿದ ಕೂಡಲೇ ಎರಡು ಹೀಲಿಯಂ ಆಗಿ ಒಡೆಯುವುದರಿಂದ ಆ ಶಿಖರ ಯಾವಾಗಲೂ ಕುಳ್ಳು.

ಮೇಲಿನ ಮತ್ತು ಕೆಳಗಿನ ಪದರಗಳ ಆವೇಶ ಹೊಂದದ ಘಟನೆಗಳನ್ನು ಬಿಡಲೇಬೇಕು. ದಾರಿಯಲ್ಲಿ ಒಡೆದ ಕಾರ್ಬನ್ ಬೋರಾನಿನ ವೇಷದಲ್ಲಿ ಬಂದು ಕೂರುತ್ತದೆ.

ಆಕ್ಸಿಜನ್ ಆಚೆಗೂ ಬಾಗು (ಸಿಗ್ನಲ್ ಕಡಿಮೆ ಬೀಳುವುದು) ಉಳಿದರೆ, ಬೆಳಕನ್ನು ವಿದ್ಯುತ್ ಸಿಗ್ನಲ್ ಮಾಡುವ ಫೋಟೋಮಲ್ಟಿಪ್ಲೈಯರ್ ತುಂಬಿಕೊಂಡು ತನ್ನ ಮಿತಿ ಮುಟ್ಟಿರಬಹುದು. ಅದರೊಳಗಿನ ಕಡಿಮೆ ಗೇನಿನ ಡೈನೋಡ್ (ಸಿಗ್ನಲ್ ಹೆಚ್ಚಿಸುವ ಹಂತ) ಓದಿ ಹೋಲಿಸಿ.