ಡಿಎನ್‌ಎ ಒಂದೇ ಇದ್ದರೂ ನ್ಯೂರಲ್ ಕ್ರೆಸ್ಟ್ ಕೋಶಗಳು ಇಷ್ಟೊಂದು ಬಗೆಯಾಗುವುದು ಹೇಗೆ?
ಗರ್ಭದ 3-4ನೇ ವಾರದಲ್ಲಿ, ಮುಂದೆ ಮೆದುಳು ಮತ್ತು ಬೆನ್ನುಹುರಿ ಆಗಲಿರುವ ಪದರದ ಅಂಚಿನಲ್ಲಿ ಈ ಕೋಶಗಳು ಹುಟ್ಟುತ್ತವೆ. ಅಲ್ಲಿಂದ ಕಳಚಿಕೊಂಡು ಭ್ರೂಣದ ತುಂಬ ಸಂಚರಿಸಿ ಮುಖದ ಮೂಳೆ, ಚರ್ಮದ ಬಣ್ಣದ ಕೋಶ, ಕರುಳಿನ ನರಜಾಲ ಎಲ್ಲವೂ ಆಗುತ್ತವೆ. ಅದ್ಭುತವೇ ಸರಿ! ಡಿಎನ್‌ಎ ಬದಲಾಗುವುದಿಲ್ಲ, ಅದರ ಯಾವ ಭಾಗ ತೆರೆದಿದೆ, ಯಾವುದು ಮುಚ್ಚಿದೆ ಎಂಬುದಷ್ಟೇ ಬದಲಾಗುತ್ತದೆ. ಹಿಸ್ಟೋನ್ ಪ್ರೋಟೀನಿಗೆ ಬಿಗಿಯಾಗಿ ಸುತ್ತಿಕೊಂಡ ಜೀನನ್ನು ಕೋಶ ಓದಲಾರದು. ಹಿಸ್ಟೋನಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು ಅಂಟಿದರೆ ಸುತ್ತು ಸಡಿಲವಾಗುತ್ತದೆ. ಕೋಳಿ ಭ್ರೂಣದಲ್ಲಂತೂ ಡಿಎನ್‌ಎಂಟಿ3ಎ ಎಂಬ ಕಿಣ್ವ, ಮೆದುಳಿನ ಕಡೆಗೆ ಎಳೆಯುವ ಸಾಕ್ಸ್2 ಜೀನಿಗೆ ಮೀಥೈಲ್ ಎಂಬ ಇನ್ನೊಂದು ರಾಸಾಯನಿಕ ಗುಂಪು ಅಂಟಿಸಿ ಅದನ್ನು ಸುಮ್ಮನಾಗಿಸಿದ ಮೇಲೆಯೇ ಕೋಶ ನ್ಯೂರಲ್ ಕ್ರೆಸ್ಟ್ ದಾರಿ ಹಿಡಿಯುತ್ತದೆ.

ಈ ತೆರೆಯುವ-ಮುಚ್ಚುವ ಕೆಲಸ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚಾರ್ಜ್ ಸಿಂಡ್ರೋಮ್ ಎಂಬ ಹುಟ್ಟಿನಿಂದಲೇ ಬರುವ ತೊಂದರೆಯನ್ನು ನೋಡಿ. ಡಿಎನ್‌ಎ ಸುತ್ತುಗಳನ್ನು ಸರಿಸಿ ಜಾಗ ಮಾಡಿಕೊಡುವ ಸಿಎಚ್‌ಡಿ7 ಪ್ರೋಟೀನಿನ ಜೀನಿನಲ್ಲಿ ಆಗುವ ಬದಲಾವಣೆ ಇದಕ್ಕೆ ಕಾರಣವೆಂದು 2004ರಲ್ಲಿ ಗೊತ್ತಾಯಿತು. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಮಗುವಿನ ಕಣ್ಣು, ಕಿವಿ, ಹೃದಯದಲ್ಲಿ ದೋಷ ಬರಬಹುದು. ಮೂಗಿನ ಹಿಂದಿನ ದಾರಿಯೂ ಮುಚ್ಚಿರಬಹುದು. ಬಹುತೇಕ ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಬಂದಿರುತ್ತದೆ, ತಂದೆತಾಯಿಯಲ್ಲಿ ಇರುವುದಿಲ್ಲ. ಹಾಗಾಗಿ ಬಸುರಿ ಗ್ರಹಣ ನೋಡಿದಳು, ಅದು ತಿಂದಳು ಎಂದು ತಾಯಿಯನ್ನು ದೂರಬೇಡಿ.