ಸತ್ತ ಕೋಶದ ಸುದ್ದಿ ಯಾರಿಗೆ ಮುಟ್ಟುತ್ತದೆ?

ಪ್ರಶ್ನೆ: ನನ್ನ ತಾಯಿಗೆ ಕೀಮೋಥೆರಪಿ ನಡೆಯುತ್ತಿದೆ. ಕೆಲವು ಔಷಧಗಳು ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದಷ್ಟೇ ಅಲ್ಲ, ಸತ್ತ ಕೋಶಗಳೇ ಲಸಿಕೆಯಂತೆ ವರ್ತಿಸಿ ರೋಗನಿರೋಧಕ ವ್ಯವಸ್ಥೆಯನ್ನು ಗಡ್ಡೆಯ ವಿರುದ್ಧ ಎಬ್ಬಿಸುತ್ತವೆ ಎಂದು ಓದಿದೆ. ಆದರೆ ನಮ್ಮ ಮೈಯಲ್ಲಿ ದಿನವೂ ಕೋಶಗಳು ಸಾಯುತ್ತಲೇ ಇರುತ್ತವಲ್ಲ, ಆಗೇಕೆ ಹೀಗಾಗುವುದಿಲ್ಲ? ಇದು ನಿಜವೇ, ಇಲ್ಲವೇ ಬರಿಯ ಆಸೆ ಹುಟ್ಟಿಸುವ ಮಾತೇ?

ಉತ್ತರ: ನಿಮ್ಮ ಸಂದೇಹದೊಳಗೇ ಉತ್ತರದ ಎಳೆಯೂ ಇದೆ. ವಯಸ್ಕರ ದೇಹದಲ್ಲಿ ದಿನವೊಂದಕ್ಕೆ ಸಾವಿರಾರು ಕೋಟಿ ಕೋಶಗಳು ಸಾಯುತ್ತವೆ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನ ಬದುಕುತ್ತವೆ, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳ ಆಯುಸ್ಸೂ ಅಷ್ಟಕ್ಕಷ್ಟೇ. ಇಷ್ಟೊಂದು ಸಾವು ನಡೆದರೂ ನಮಗೆ ಜ್ವರವಿಲ್ಲ, ಬಾವಿಲ್ಲ, ನೋವಿಲ್ಲ. ಕಾರಣವೆಂದರೆ, ಇವುಗಳಲ್ಲಿ ಬಹುಪಾಲು ಅಪಾಪ್ಟೋಸಿಸ್ ಎಂಬ ಅಚ್ಚುಕಟ್ಟಾದ ಕ್ರಮದಲ್ಲಿ ಸಾಯುತ್ತವೆ. 1972ರಲ್ಲಿ ಜಾನ್ ಕೆರ್, ಆಂಡ್ರ್ಯೂ ವೈಲಿ ಮತ್ತು ಅಲಾಸ್ಟೇರ್ ಕರಿ ಎಂಬ ಮೂವರು ವಿಜ್ಞಾನಿಗಳು ಈ ಹೆಸರಿಡುವಾಗ, ಮರದಿಂದ ಎಲೆ ಉದುರುವುದನ್ನು ಸೂಚಿಸುವ ಗ್ರೀಕ್ ಪದವನ್ನು ಆರಿಸಿಕೊಂಡರು. ಹೆಸರು ಒಪ್ಪುವಂಥದ್ದೇ, ಏಕೆಂದರೆ ಎಲೆ ಉದುರುವಾಗ ಮರಕ್ಕೆ ಗಾಯವಾಗುವುದಿಲ್ಲ.

ಅಪಾಪ್ಟೋಸಿಸ್‌ಗೆ ಒಳಗಾದ ಕೋಶದಲ್ಲಿ ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಳಗಿನ ಪ್ರೋಟೀನುಗಳನ್ನು ಲೆಕ್ಕಾಚಾರದಿಂದ ಕತ್ತರಿಸುತ್ತವೆ, ಕೋಶ ಕುಗ್ಗುತ್ತದೆ, ಡಿಎನ್‌ಎ ತುಂಡಾಗುತ್ತದೆ, ಮೇಲ್ಮೈಯಲ್ಲಿ ಗುಳ್ಳೆಗಳೆದ್ದು ಕೋಶವು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಇದೆಲ್ಲ ನಡೆಯುವಾಗ ಪೊರೆ ಮಾತ್ರ ಹರಿಯದೆ ಉಳಿದಿರುತ್ತದೆ ಎಂಬುದನ್ನು ಗಮನಿಸಬೇಕು. ಪೊರೆಯ ಒಳಮೈಯಲ್ಲಿರಬೇಕಾದ ಫಾಸ್ಫಟಿಡಿಲ್‌ಸೆರೀನ್ ಎಂಬ ಕೊಬ್ಬಿನ ಅಣು ಹೊರಮೈಗೆ ಬರುತ್ತದೆ, ಅದನ್ನು ಗುರುತಿಸಿದ ಮ್ಯಾಕ್ರೋಫೇಜ್ ಎಂಬ ಪ್ರತಿರಕ್ಷಾ ಕೋಶ ಆ ಪೊಟ್ಟಣಗಳನ್ನು ನುಂಗಿಹಾಕುತ್ತದೆ. ನುಂಗಿ ಸುಮ್ಮನಾಗುವುದೂ ಇಲ್ಲ, ಐಎಲ್-10, ಟಿಜಿಎಫ್-ಬೀಟಾ ಎಂಬ ಶಮನಕಾರಿ ಸಂದೇಶಗಳನ್ನು ಸ್ರವಿಸಿ, ಇಲ್ಲಿ ಗಲಾಟೆಗೆ ಕಾರಣವಿಲ್ಲ ಎಂದು ಅಕ್ಕಪಕ್ಕದ ಕೋಶಗಳಿಗೆ ತಿಳಿಸುತ್ತದೆ. ಈ ವಿಲೇವಾರಿ ಕೆಟ್ಟರೆ ಏನಾದೀತು ಎಂಬುದಕ್ಕೆ ಲೂಪಸ್ ಕಾಯಿಲೆ ಒಂದು ಉದಾಹರಣೆ: ಅಲ್ಲಿ ಸತ್ತ ಕೋಶಗಳ ಅವಶೇಷ ಸಕಾಲದಲ್ಲಿ ತೆರವಾಗದೆ, ದೇಹವು ತನ್ನದೇ ಡಿಎನ್‌ಎ ವಿರುದ್ಧ ಪ್ರತಿಕಾಯಗಳನ್ನು ತಯಾರಿಸತೊಡಗುತ್ತದೆ.

ಹಾಗಾದರೆ ಯಾವ ಸಾವು ಗಲಾಟೆ ಎಬ್ಬಿಸುತ್ತದೆ? 1994ರಲ್ಲಿ ಪ್ರತಿರಕ್ಷಾ ವಿಜ್ಞಾನಿ ಪಾಲಿ ಮ್ಯಾಟ್ಸಿಂಗರ್ ಒಂದು ವಾದವನ್ನು ಮುಂದಿಟ್ಟರು. ರೋಗನಿರೋಧಕ ವ್ಯವಸ್ಥೆಯು ಎದುರಿಗಿರುವುದು ತನ್ನದೋ ಪರರದ್ದೋ ಎಂದಷ್ಟೇ ನೋಡುವುದಿಲ್ಲ, ಅಲ್ಲಿ ಅಪಾಯವಿದೆಯೇ ಎಂದು ನೋಡುತ್ತದೆ ಎಂಬುದು ಆ ವಾದ. ಕೋಶದ ಒಳಗಷ್ಟೇ ಇರಬೇಕಾದ ವಸ್ತು ಹೊರಗೆ ಕಂಡರೆ ಅದೇ ಅಪಾಯದ ಸೂಚನೆ. ಈ ವಾದ ಎಲ್ಲವನ್ನೂ ವಿವರಿಸುವುದಿಲ್ಲ, ಆದರೆ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಬೀಗದ ಕೈ ಇಲ್ಲವೆಂದು ನನ್ನ ಭಾವನೆ.

ನೀವು ಓದಿದ ಲಸಿಕೆಯ ಮಾತು ಎಲ್ಲಿಂದ ಬಂತೆಂದರೆ, 2005ರಲ್ಲಿ ಫ್ರಾನ್ಸಿನ ಗಿಡೊ ಕ್ರೋಮರ್, ಲಾರೆನ್ಸ್ ಜಿಟ್ವೊಗೆಲ್ ಮೊದಲಾದವರು ಪ್ರಕಟಿಸಿದ ಪ್ರಯೋಗದಿಂದ. ಇಲಿಯ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳನ್ನು ತಟ್ಟೆಯಲ್ಲಿ ಡಾಕ್ಸೊರುಬಿಸಿನ್ ಔಷಧದಿಂದ ಸಾಯುವ ಹಂತಕ್ಕೆ ತಂದು, ಆರೋಗ್ಯವಂತ ಇಲಿಯ ಒಂದು ಪಕ್ಕೆಗೆ ಚುಚ್ಚಿದರು. ಕೆಲವು ದಿನಗಳ ನಂತರ ಅದೇ ಇಲಿಯ ಇನ್ನೊಂದು ಪಕ್ಕೆಗೆ, ಯಾವ ಔಷಧವನ್ನೂ ಸೋಕಿಸದ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರು. ಬಹುಪಾಲು ಇಲಿಗಳಲ್ಲಿ ಗಡ್ಡೆ ಬೆಳೆಯಲೇ ಇಲ್ಲ. ಬೇರೆ ವಿಷದಿಂದ ಸತ್ತ ಕೋಶಗಳಿಗೆ ಈ ಗುಣ ಬರಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ವಿವರ: ಕ್ಯಾಸ್ಪೇಸ್‌ಗಳನ್ನು ತಡೆದಾಗ ಕೋಶಗಳು ಸತ್ತರೂ ಲಸಿಕೆಯ ಗುಣ ಹೊರಟುಹೋಯಿತು. ಅಂದರೆ ಅಪಾಪ್ಟೋಸಿಸ್ ಎಂದರೆ ಮೌನ, ಉಳಿದದ್ದೆಲ್ಲ ಸದ್ದು ಎಂಬ ಪಠ್ಯಪುಸ್ತಕದ ಸರಳ ವಿಂಗಡಣೆ ನಿಲ್ಲುವುದಿಲ್ಲ. ಸಾವಿನ ಹೆಸರಿಗಿಂತ ಸಾಯುವಾಗ ಕೋಶ ಏನನ್ನು ಹೊರಗಿಟ್ಟಿತು ಎಂಬುದೇ ಮುಖ್ಯವಾಗುತ್ತದೆ.

ಹೊರಗಿಡುವ ವಸ್ತುಗಳಲ್ಲಿ ಮೂರನ್ನು ಚೆನ್ನಾಗಿ ಗುರುತಿಸಲಾಗಿದೆ. ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನು ಸಾಮಾನ್ಯವಾಗಿ ಕೋಶದೊಳಗೆ ಇತರ ಪ್ರೋಟೀನುಗಳು ಸರಿಯಾಗಿ ಮಡಚಿಕೊಳ್ಳಲು ನೆರವಾಗುತ್ತಿರುತ್ತದೆ. ಒತ್ತಡಕ್ಕೆ ಸಿಲುಕಿದ ಕೋಶದಲ್ಲಿ ಅದು ಮೇಲ್ಮೈಗೆ ಬಂದು, ನನ್ನನ್ನು ನುಂಗು ಎಂದು, ನುಂಗಿದ್ದರ ತುಣುಕುಗಳನ್ನು ಪ್ರತಿರಕ್ಷಾ ವ್ಯವಸ್ಥೆಗೆ ತೋರಿಸುವ ಡೆಂಡ್ರಿಟಿಕ್ ಕೋಶವನ್ನು ಕರೆಯುತ್ತದೆ. ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಹೊರಗೆ ಸೋರಿದಾಗ ದೂರದಲ್ಲಿರುವ ಪ್ರತಿರಕ್ಷಾ ಕೋಶಗಳು ಅದರ ಜಾಡು ಹಿಡಿದು ಬರುತ್ತವೆ. ಕೋಶಕೇಂದ್ರದಲ್ಲಿರುವ ಎಚ್‌ಎಂಜಿಬಿ1 ಎಂಬ ಪ್ರೋಟೀನು ಹೊರಬಿದ್ದರೆ, ಟಿಎಲ್ಆರ್4 ಎಂಬ ಗ್ರಾಹಕದ ಮೂಲಕ, ನುಂಗಿದ್ದನ್ನು ಜೀರ್ಣಿಸಿಬಿಡದೆ ತುಣುಕುಗಳನ್ನು, ಕೆಟ್ಟ ಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳಿಗೆ ತೋರಿಸು ಎಂಬ ಸೂಚನೆ ಹೋಗುತ್ತದೆ. ಹೀಗೆ ಎಚ್ಚೆತ್ತ ಡೆಂಡ್ರಿಟಿಕ್ ಕೋಶ ಹತ್ತಿರದ ದುಗ್ಧಗ್ರಂಥಿಗೆ ಹೋಗಿ, ಆ ತುಣುಕಿಗೆ ಹೊಂದುವ ಟಿ ಕೋಶವನ್ನು ಹುಡುಕಿ ತರಬೇತಿ ಕೊಡುತ್ತದೆ. ಇಲ್ಲಿ ಇನ್ನೊಂದು ಷರತ್ತೂ ಇದೆ: ತೋರಿಸುವ ತುಣುಕು ಸಹಜ ಕೋಶದಲ್ಲಿ ಇಲ್ಲದ್ದಾಗಿರಬೇಕು. ಕ್ಯಾನ್ಸರಿನಲ್ಲಿ ರೂಪಾಂತರಗೊಂಡ ಪ್ರೋಟೀನುಗಳು ಆ ಕೊರತೆಯನ್ನು ತುಂಬುತ್ತವೆ. ಎಚ್ಚರಿಕೆ ಗಂಟೆ ಇದ್ದು ಗುರುತಿಲ್ಲದಿದ್ದರೂ, ಗುರುತಿದ್ದು ಗಂಟೆ ಬಾರಿಸದಿದ್ದರೂ ಟಿ ಕೋಶ ಏಳುವುದಿಲ್ಲ.

ಈಗ ತಾಯಿಯವರ ವಿಚಾರ. ಪ್ಲಾಟಿನಂ ಜಾತಿಯ ಎರಡು ಔಷಧಗಳಲ್ಲಿ ಆಕ್ಸಾಲಿಪ್ಲಾಟಿನ್ ಕ್ಯಾಲ್‌ರೆಟಿಕ್ಯುಲಿನ್ ಅನ್ನು ಮೇಲ್ಮೈಗೆ ತರುತ್ತದೆ, ಸಿಸ್‌ಪ್ಲಾಟಿನ್ ತರುವುದಿಲ್ಲ. ಇದನ್ನು ಓದಿದ ಕೂಡಲೇ ಮೊದಲನೆಯದೇ ಮೇಲು ಎಂದು ತೀರ್ಮಾನಿಸಬೇಡಿ. ವೃಷಣದ ಕ್ಯಾನ್ಸರ್, ಅದು ಹರಡಿದ ಮೇಲೂ, ಸಿಸ್‌ಪ್ಲಾಟಿನ್ ಆಧಾರಿತ ಚಿಕಿತ್ಸೆಯಿಂದ ಬಹುಪಾಲು ರೋಗಿಗಳಲ್ಲಿ ಪೂರ್ಣ ಗುಣವಾಗುತ್ತದೆ. ಮೇಲೆ ಹೇಳಿದ ಪುರಾವೆಗಳಲ್ಲಿ ಹೆಚ್ಚಿನವು ಇಲಿಗಳಿಂದ ಬಂದವು. ವೈದ್ಯರು ಔಷಧವನ್ನು ಆರಿಸುವುದು ಅದು ಯಾವ ಅಂಗದ, ಯಾವ ಹಂತದ ಕ್ಯಾನ್ಸರ್ ಎಂಬುದನ್ನೂ ರೋಗಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಗಳ ಫಲಿತಾಂಶವನ್ನೂ ನೋಡಿಯೇ ಹೊರತು, ಸತ್ತ ಕೋಶ ಎಷ್ಟು ಸದ್ದು ಮಾಡಿತು ಎಂದು ಅಳೆದಲ್ಲ. ವಿಜ್ಞಾನ ನಿಜವೇ, ಚಿಕಿತ್ಸೆಯ ಆಯ್ಕೆಗೆ ಅದು ಇನ್ನೂ ಅಳತೆಗೋಲಾಗಿಲ್ಲ.

ಪ್ರಶ್ನೆ: ಬಯಾಪ್ಸಿ ವರದಿಯಲ್ಲಿ ಗಡ್ಡೆಯೊಳಗೆ ನೆಕ್ರೋಸಿಸ್ ಇದೆ ಎಂದು ಬರೆದಿದ್ದರು. ಕ್ಯಾನ್ಸರ್ ಕೋಶಗಳು ತಾವಾಗಿಯೇ ಒಡೆದು ಸಾಯುತ್ತಿದ್ದರೆ ಅದು ಶುಭ ಸೂಚನೆಯಲ್ಲವೇ? ಒಡೆದ ಕೋಶದಿಂದಲೇ ಪ್ರತಿರಕ್ಷೆ ಎಚ್ಚರಗೊಳ್ಳಬೇಕಲ್ಲವೇ?

ಉತ್ತರ: ಚಿಕಿತ್ಸೆಗೆ ಮೊದಲು ಕಂಡ ನೆಕ್ರೋಸಿಸ್ ಅನೇಕ ಕ್ಯಾನ್ಸರ್‌ಗಳಲ್ಲಿ ಒಳ್ಳೆಯ ಸೂಚನೆಯಲ್ಲ. ಗಡ್ಡೆ ತನ್ನ ರಕ್ತನಾಳಗಳನ್ನು ಮೀರಿ ವೇಗವಾಗಿ ಬೆಳೆದಾಗ ನಡುಭಾಗಕ್ಕೆ ಆಮ್ಲಜನಕ ತಲುಪದೆ ಅಲ್ಲಿನ ಕೋಶಗಳು ಸಾಯುತ್ತವೆ, ಆದ್ದರಿಂದ ಅದು ಗಡ್ಡೆಯ ಬಿರುಸನ್ನು ತೋರಿಸುತ್ತದೆ. ಚಿಕಿತ್ಸೆಯ ನಂತರ ಕಂಡ ನೆಕ್ರೋಸಿಸ್ ಬೇರೆಯೇ ಸಂಗತಿ: ಆಸ್ಟಿಯೊಸಾರ್ಕೋಮ ಎಂಬ ಮೂಳೆಯ ಕ್ಯಾನ್ಸರಿನಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ ಕೊಟ್ಟ ಕೀಮೋಥೆರಪಿಯಿಂದ ಗಡ್ಡೆಯ ಶೇ 90ಕ್ಕಿಂತ ಹೆಚ್ಚು ಭಾಗ ಸತ್ತಿದ್ದರೆ ಅದನ್ನು ಉತ್ತಮ ಪ್ರತಿಕ್ರಿಯೆ ಎಂದು ಎಣಿಸುತ್ತಾರೆ. ಒಂದೇ ಪದ ಎರಡು ವರದಿಗಳಲ್ಲಿ ಎರಡು ಅರ್ಥ ಕೊಡುವುದರಿಂದ, ಬಯಾಪ್ಸಿ ಯಾವಾಗ ತೆಗೆದದ್ದು ಎಂಬುದನ್ನು ನೋಡದೆ ವರದಿಯನ್ನು ಓದಬಾರದು.

ಒಡೆದ ಕೋಶ ಪ್ರತಿರಕ್ಷೆಯನ್ನು ಎಬ್ಬಿಸಬೇಕಿತ್ತಲ್ಲ ಎಂಬ ನಿಮ್ಮ ತರ್ಕ ಸರಿಯಾದದ್ದೇ. ಆದರೆ ಗಡ್ಡೆಯೊಳಗಿನ ಪರಿಸರ ಆ ಸಂದೇಶವನ್ನು ದಾರಿಯಲ್ಲೇ ತಿದ್ದಿಬಿಡುತ್ತದೆ. ಹೊರಬಿದ್ದ ಎಟಿಪಿಯನ್ನು ಸಿಡಿ39 ಮತ್ತು ಸಿಡಿ73 ಎಂಬ ಕಿಣ್ವಗಳು ಒಂದಾದ ಮೇಲೊಂದು ಕತ್ತರಿಸಿ ಅಡೆನೊಸಿನ್ ಆಗಿ ಮಾರ್ಪಡಿಸುತ್ತವೆ, ಆ ಅಡೆನೊಸಿನ್ ಟಿ ಕೋಶಗಳನ್ನು ತಣ್ಣಗಾಗಿಸುತ್ತದೆ. ಕರೆಗಂಟೆಯನ್ನೇ ಜೋಗುಳವಾಗಿಸಿದಂತೆ. ಕೋಶದೊಳಗೆ ಪೊಟ್ಯಾಸಿಯಂ ಹೊರಗಿಗಿಂತ ಹಲವು ಪಟ್ಟು ಹೆಚ್ಚು ಇರುತ್ತದೆ, ಕೋಶಗಳು ಒಡೆದಾಗ ಅದು ಸುತ್ತಲಿನ ದ್ರವಕ್ಕೆ ಸೇರಿ ಟಿ ಕೋಶಗಳ ಕೆಲಸವನ್ನು ಕುಂದಿಸುತ್ತದೆ ಎಂಬುದನ್ನು 2016ರಲ್ಲಿ ತೋರಿಸಲಾಯಿತು. ಜೊತೆಗೆ ದೀರ್ಘಕಾಲದ ಉರಿಯೂತ ಗಡ್ಡೆಗೆ ಹೊಸ ರಕ್ತನಾಳಗಳನ್ನೂ ಬೆಳವಣಿಗೆಯ ಅಂಶಗಳನ್ನೂ ತಂದುಕೊಡುತ್ತದೆ. ಸದ್ದು ಬೇಕು ನಿಜ, ಆದರೆ ತಿಂಗಳುಗಟ್ಟಲೆ ಮೊಳಗುವ ಗಂಟೆಗೆ ಯಾರೂ ತಲೆ ಎತ್ತುವುದಿಲ್ಲ.

ಆಕಸ್ಮಿಕವಾದ ನೆಕ್ರೋಸಿಸ್‌ಗೂ, ಕೋಶ ತಾನೇ ಯೋಜಿಸಿಕೊಂಡು ಒಡೆಯುವ ಸಾವಿಗೂ ವ್ಯತ್ಯಾಸವಿದೆ. ಎರಡನೆಯ ಬಗೆಯಲ್ಲಿ ಪೈರಾಪ್ಟೋಸಿಸ್ ಬಹಳ ಸ್ವಾರಸ್ಯವಾದದ್ದು. ಇದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ತಟ್ಟೆಗೆ ಪ್ರೊಪಿಡಿಯಂ ಅಯೋಡೈಡ್ ಎಂಬ ಬಣ್ಣವನ್ನು ಹಾಕಿರುತ್ತೇವೆ. ಪೊರೆ ಹರಿಯದ ಕೋಶದೊಳಗೆ ಅದು ಹೋಗಲಾರದು. ಅಪಾಪ್ಟೋಸಿಸ್ ಕೋಶ ಗುಳ್ಳೆಗುಳ್ಳೆಯಾಗಿ ಕುದಿಯುವಂತೆ ಕಂಡರೂ ಬಹಳ ಹೊತ್ತು ಬಣ್ಣವಿಲ್ಲದೆಯೇ ಇರುತ್ತದೆ. ಪೈರಾಪ್ಟೋಸಿಸ್ ಕೋಶವಾದರೋ ಬಲೂನಿನಂತೆ ಊದಿಕೊಂಡು ಚಪ್ಪಟೆಯಾಗುತ್ತದೆ, ಅದರ ಕೋಶಕೇಂದ್ರ ನೋಡನೋಡುತ್ತಿದ್ದಂತೆ ಕೆಂಪಾಗಿ ಹೊಳೆಯುತ್ತದೆ. ಪೊರೆಯಲ್ಲಿ ತೂತು ಕೊರೆದದ್ದು ಗ್ಯಾಸ್ಡರ್ಮಿನ್ ಎಂಬ ಪ್ರೋಟೀನು ಎಂಬುದು 2015ರಲ್ಲಿ ತಿಳಿಯಿತು. ತೂತಾದ ಮೇಲೆ ಪೊರೆ ತಾನಾಗಿಯೇ ಹರಿಯುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಹರಿಯುವ ಕೆಲಸಕ್ಕೂ ನಿಂಜ್1 ಎಂಬ ಪ್ರತ್ಯೇಕ ಪ್ರೋಟೀನು ಇದೆ ಎಂದು 2021ರಲ್ಲಿ ಗೊತ್ತಾಯಿತು.

ಕ್ಯಾನ್ಸರಿಗೆ ಇದರ ಸಂಬಂಧ ಹೀಗಿದೆ. ಅಪಾಪ್ಟೋಸಿಸ್ ನಡೆಸುವ ಕ್ಯಾಸ್ಪೇಸ್-3 ಕಿಣ್ವವೇ ಗ್ಯಾಸ್ಡರ್ಮಿನ್-ಇ ಪ್ರೋಟೀನನ್ನೂ ಕತ್ತರಿಸಬಲ್ಲದು. ಹಾಗಾಗಿ ಆ ಪ್ರೋಟೀನು ಹೇರಳವಾಗಿರುವ ಕೋಶದಲ್ಲಿ ಮೌನವಾಗಿ ಶುರುವಾದ ಸಾವು ಸ್ಫೋಟವಾಗಿ ಮುಗಿಯುತ್ತದೆ. ಅನೇಕ ಕ್ಯಾನ್ಸರ್‌ಗಳು ಈ ಜೀನನ್ನು ಮುಚ್ಚಿಟ್ಟಿರುತ್ತವೆ, ಅದು ಕಾಕತಾಳೀಯವಲ್ಲವೆಂದು ನನಗನ್ನಿಸುತ್ತದೆ. ನಮ್ಮ ಟಿ ಕೋಶಗಳು ಮತ್ತು ಸಹಜ ಹಂತಕ ಕೋಶಗಳೆನಿಸಿದ ಎನ್‌ಕೆ ಕೋಶಗಳು ಗುರಿಯ ಪೊರೆಯನ್ನು ಪರ್ಫೊರಿನ್‌ನಿಂದ ತೂತುಮಾಡಿ ಒಳಗೆ ಕಳಿಸುವ ಕಿಣ್ವಗಳಾದ ಗ್ರಾನ್ಜೈಮ್‌ಗಳು ಕೂಡ ಗ್ಯಾಸ್ಡರ್ಮಿನ್‌ಗಳನ್ನು ನೇರವಾಗಿ ಕತ್ತರಿಸುತ್ತವೆ ಎಂಬುದು 2020ರಲ್ಲಿ ಸ್ಪಷ್ಟವಾಯಿತು. ಅದೇ ವರ್ಷ ಚೀನಾದ ವಿಜ್ಞಾನಿಗಳು ಇಲಿಗಳ ಸ್ತನಗಡ್ಡೆಯಲ್ಲಿ ಶೇ 15ಕ್ಕಿಂತ ಕಡಿಮೆ ಕೋಶಗಳಲ್ಲಿ ಪೈರಾಪ್ಟೋಸಿಸ್ ಉಂಟುಮಾಡಿದರು. ಉಳಿದ ಕೋಶಗಳನ್ನು ಟಿ ಕೋಶಗಳು ಮುಗಿಸಿ, ಇಡೀ ಗಡ್ಡೆ ಮಾಯವಾಯಿತು. ಔಷಧ ಎಷ್ಟು ಕೋಶಗಳನ್ನು ಕೊಂದಿತು ಎಂದು ಎಣಿಸುವ ನಮ್ಮ ಹಳೆಯ ರೂಢಿಯನ್ನು ಈ ಪ್ರಯೋಗ ಅಲುಗಾಡಿಸಿತು.

ಇದಕ್ಕೆ ಇನ್ನೊಂದು ಮುಖವೂ ಇದೆ. ಟಿ ಕೋಶಗಳನ್ನು ಕ್ಯಾನ್ಸರ್ ಗುರುತಿಸುವಂತೆ ಮಾರ್ಪಡಿಸಿ ಕೊಡುವ ಸಿಎಆರ್-ಟಿ ಕೋಶ ಚಿಕಿತ್ಸೆಯಲ್ಲಿ ರೋಗಿಗೆ ತೀವ್ರ ಜ್ವರ, ರಕ್ತದೊತ್ತಡದ ಕುಸಿತ ಉಂಟಾಗುವ ಸೈಟೊಕೈನ್ (ಪ್ರತಿರಕ್ಷಾ ಕೋಶಗಳ ಸಂದೇಶ ಅಣು) ಬಿಡುಗಡೆಯ ತೊಂದರೆಗೆ ಇದೇ ಬಗೆಯ ಸ್ಫೋಟಕ ಸಾವು ಒಂದು ಕಾರಣ. ಒಡೆದ ಕ್ಯಾನ್ಸರ್ ಕೋಶಗಳಿಂದ ಬಂದ ಎಟಿಪಿ ಮತ್ತಿತರ ವಸ್ತುಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ.

ಪ್ರಶ್ನೆ: ಒಂದು ಕಡೆ ರೇಡಿಯೇಷನ್ ಕೊಟ್ಟರೆ ಬೇರೆ ಕಡೆಯ ಗಡ್ಡೆಯೂ ಕರಗುತ್ತದಂತೆ. ಹೌದೇ?

ಉತ್ತರ: ಹೌದು, ಆದರೆ ಅಪರೂಪಕ್ಕೆ. 1953ರಲ್ಲಿ ಆರ್. ಎಚ್. ಮೋಲ್ ಇದಕ್ಕೆ ಅಬ್‌ಸ್ಕೋಪಲ್ ಪರಿಣಾಮ ಎಂದು ಹೆಸರಿಟ್ಟರು. ವಿಕಿರಣದಿಂದ ಡಿಎನ್‌ಎ ಮುರಿದ ಕೋಶದಲ್ಲಿ ಅದರ ಚೂರುಗಳು ಕೋಶಕೇಂದ್ರದಿಂದ ಹೊರಗೆ ಉಳಿದುಬಿಡುತ್ತವೆ. ಸಿಗ್ಯಾಸ್-ಸ್ಟಿಂಗ್ ಎಂಬ ಕಾವಲು ವ್ಯವಸ್ಥೆ ಅವನ್ನು ವೈರಸ್ಸಿನ ಡಿಎನ್‌ಎ ಎಂದು ಬಗೆದು ಎಚ್ಚರಿಕೆಯ ಸಂದೇಶವಾದ ಇಂಟರ್‌ಫೆರಾನ್ ಉತ್ಪಾದಿಸುತ್ತದೆ, ಅದರಿಂದ ಎದ್ದ ಟಿ ಕೋಶಗಳು ರಕ್ತದಲ್ಲಿ ಸಂಚರಿಸಿ ದೂರದ ಗಡ್ಡೆಯನ್ನೂ ತಲುಪಬಲ್ಲವು. ಕ್ಯಾಸ್ಪೇಸ್‌ಗಳು ಇಲ್ಲಿಯೂ ಬಾಯಿ ಮುಚ್ಚಿಸುವ ಕೆಲಸ ಮಾಡುತ್ತವೆ: ಸಾಯುವ ಕೋಶದ ಮೈಟೊಕಾಂಡ್ರಿಯಾದಿಂದ ಸೋರಿದ ಡಿಎನ್‌ಎ ಇಂಟರ್‌ಫೆರಾನ್ ಎಬ್ಬಿಸದಂತೆ ಅವು ತಡೆಯುತ್ತವೆ ಎಂದು 2014ರಲ್ಲಿ ಕಂಡುಬಂತು. ರೇಡಿಯೇಷನ್ ಜೊತೆಗೆ ಪ್ರತಿರಕ್ಷೆಯನ್ನು ಚುರುಕುಗೊಳಿಸುವ ಇಮ್ಯುನೊಥೆರಪಿ ಸೇರಿಸಿದರೆ ಈ ಪರಿಣಾಮ ಹೆಚ್ಚಬಹುದೆಂಬ ನಿರೀಕ್ಷೆಯಲ್ಲಿ ಪರೀಕ್ಷೆಗಳು ನಡೆದಿವೆ, ಫಲಿತಾಂಶ ಮಾತ್ರ ಮಿಶ್ರವಾಗಿದೆ. ಈ ಕ್ಷೇತ್ರದಲ್ಲಿ ನಿರಾಶೆ ಹೊಸದಲ್ಲ. ಕ್ಯಾನ್ಸರ್ ಕೋಶಗಳು ನನ್ನನ್ನು ನುಂಗಬೇಡ ಎಂದು ತೋರಿಸುವ ಸಿಡಿ47 ಫಲಕವನ್ನು ಮುಚ್ಚುವ ಮ್ಯಾಗ್ರೊಲಿಮ್ಯಾಬ್ ಔಷಧ ಬಹಳ ಭರವಸೆ ಹುಟ್ಟಿಸಿತ್ತು, ದೊಡ್ಡ ಪರೀಕ್ಷೆಗಳಲ್ಲಿ ಅದು ಗೆಲ್ಲದೆ 2024ರಲ್ಲಿ ರಕ್ತದ ಕ್ಯಾನ್ಸರ್‌ಗಳಲ್ಲಿ ಅದರ ಬೆಳವಣಿಗೆಯನ್ನು ಕೈಬಿಟ್ಟರು.

ಪ್ರಶ್ನೆ: ಉಪವಾಸ ಮಾಡಿದರೆ ಆಟೊಫೇಜಿ ಹೆಚ್ಚಿ, ಕೀಮೋಥೆರಪಿಯಿಂದ ಸತ್ತ ಕೋಶಗಳು ಪ್ರತಿರಕ್ಷೆಯನ್ನು ಚೆನ್ನಾಗಿ ಎಬ್ಬಿಸುತ್ತವೆ ಎನ್ನುತ್ತಾರೆ. ಮಾಡಬಹುದೇ?

ಉತ್ತರ: ಇದರ ಬೇರು ಒಂದು ನಿಜವಾದ ಸಂಶೋಧನೆಯಲ್ಲಿದೆ. ಕೋಶ ತನ್ನದೇ ಭಾಗಗಳನ್ನು ಜೀರ್ಣಿಸಿಕೊಳ್ಳುವ ಆಟೊಫೇಜಿ ನಡೆಯದಿದ್ದರೆ, ಔಷಧದಿಂದ ಸಾಯುವ ಕ್ಯಾನ್ಸರ್ ಕೋಶ ಸಾಕಷ್ಟು ಎಟಿಪಿಯನ್ನು ಹೊರಬಿಡುವುದಿಲ್ಲ ಎಂದು 2011ರಲ್ಲಿ ಇಲಿಗಳಲ್ಲಿ ತೋರಿಸಿದ್ದರು. ಅಲ್ಲಿಂದ ನಿಮ್ಮ ಊಟದ ತಟ್ಟೆಯವರೆಗೆ ಬರಲು ಬಹಳ ದೂರವಿದೆ. ಆಟೊಫೇಜಿ ಅದೇ ಕ್ಯಾನ್ಸರ್ ಕೋಶಕ್ಕೆ ಹಸಿವನ್ನೂ ಔಷಧವನ್ನೂ ತಾಳಿಕೊಳ್ಳುವ ಶಕ್ತಿಯನ್ನೂ ಕೊಡುತ್ತದೆ. ಚಿಕಿತ್ಸೆಯ ಅವಧಿಯಲ್ಲಿ ತೂಕ ಮತ್ತು ಸ್ನಾಯು ಕಳೆದುಕೊಂಡವರು ಕೀಮೋಥೆರಪಿಯ ಅಡ್ಡಪರಿಣಾಮಗಳನ್ನು ತಾಳಿಕೊಳ್ಳುವುದು ಕಷ್ಟ ಎಂಬುದು ಮಾತ್ರ ಮನುಷ್ಯರಲ್ಲೇ ಚೆನ್ನಾಗಿ ಗೊತ್ತಿರುವ ವಿಷಯ. ಚಿಕಿತ್ಸೆ ನೀಡುತ್ತಿರುವ ವೈದ್ಯರು ಒಪ್ಪದೆ ಉಪವಾಸ ಮಾಡಬೇಡಿ. ಕಳೆದ ಬಾರಿಗಿಂತ ತೂಕ ಇಳಿದಿದ್ದರೆ ಮುಂದಿನ ಭೇಟಿಯಲ್ಲಿ ಅದನ್ನು ಮೊದಲು ಹೇಳಿ.